ಖರಾಬು ಕಳೆದು ಉಳಿದದ್ದು: ಮಳವಳ್ಳಿಯಲ್ಲಿ ಅಂಗಡಿ ತೆರೆದ ಅಳಿಮಯ್ಯನಿಗೆ ಕಿವಿಮಾತು

ಅಳಿಮಯ್ಯ,

ಮಂಗಳವಾರ ಸಂಜೆ ನೀನು ಫೋನ್ ಮಾಡಿದಾಗ ನಾನು ಮದ್ದೂರು ಸ್ಟೇಷನ್ನಿನಲ್ಲಿ ಮಂಡ್ಯದ ರೈಲಿಗೆ ಕಾಯ್ತಾ ನಿಂತಿದ್ದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ವಡೆ. "ಮಾವ, ನಾಕ್ ಜಿಬಿ ರ್ಯಾಮ್ ಹಾಕಿವ್ನಿ, ಮೂರೂಕಾಲೇ ತೋರುಸ್ತದೆ. ಮೇಷ್ಟ್ರು ಮುಂದೆ ಕುಂತವ್ರೆ, ಮುಕ್ಕಾಲು ಜಿಬಿ ಎಲ್ಲೋಯ್ತು ಅಂತ ಕೇಳ್ತಾವ್ರೆ" ಅಂದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ರೈಲು ಬಂತು. ಗಲಾಟೆಯಲ್ಲಿ ಏನು ಹೇಳಿದೆನೋ, ನೀನು ಏನು ಕೇಳಿಸಿಕೊಂಡೆಯೋ. ಮಂಡ್ಯದಲ್ಲಿ ಮೂವತ್ತು ವರ್ಷ ಕಂಪ್ಯೂಟರು ಬಿಚ್ಚಿ ಕಟ್ಟಿದವನು ನಾನು. ಈಗ ಸಣ್ಣ ಸ್ಕ್ರೂ ಕಣ್ಣಿಗೆ ಕಾಣುವುದಿಲ್ಲ, ಕೂತು ಬರೆಯುವುದಕ್ಕೆ ಮಾತ್ರ ತೊಂದರೆಯಿಲ್ಲ. ಈ ಕಾಗದ ಅಂಗಡಿಯ ಡ್ರಾಯರಿನಲ್ಲಿ ಇಟ್ಟುಕೊ.

• ಗಿರಾಕಿ ಎದುರು "ರ್ಯಾಮ್ ಹೋಗಿದೆ" ಅನ್ನುವ ಮಾತು ಮೊದಲೇ ಆಡಬೇಡ. ಕಾರ್ಖಾನೆಗೆ ಕಬ್ಬು ಹೊತ್ತು ಹೋದ ಲಾರಿಯನ್ನು ಎರಡು ಸಲ ತೂಕಕ್ಕೆ ನಿಲ್ಲಿಸುತ್ತಾರಲ್ಲ, ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ. ಎರಡು ಚೀಟಿ ಸೇರದೆ ಕಬ್ಬಿನ ತೂಕ ತಿಳಿಯುವುದಿಲ್ಲ. ನೀನೂ ಎರಡು ಎಣಿಕೆ ತಗೊ. ಮಿಷನ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋದರೆ ಬೋರ್ಡು ಎಷ್ಟು ರ್ಯಾಮ್ ಎಣಿಸಿದೆ ಅಂತ ಗೊತ್ತಾಗುತ್ತದೆ. ಅದು ಮೊದಲನೇ ಚೀಟಿ. ಆಮೇಲೆ ವಿಂಡೋಸ್ ಒಳಗೆ ಸಿಸ್ಟಮ್ ಪ್ರಾಪರ್ಟೀಸ್ ತೆರೆದು ನೋಡು: ಹಾಕಿರುವುದು ಇಷ್ಟು, ಬಳಕೆಗೆ ಸಿಗುವುದು ಇಷ್ಟು ಅಂತ ಬರೆದಿರುತ್ತದೆ. ಅದು ಎರಡನೇದು. ಎರಡನ್ನೂ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊ. ಬಯಾಸ್ ಕಡಿಮೆ ಎಣಿಸಿದ್ದರೆ ಸಾಮಾನ್ಯವಾಗಿ ತಪ್ಪು ರ್ಯಾಮ್ ಸ್ಟಿಕ್ಕಿನಲ್ಲೋ ಸ್ಲಾಟಿನಲ್ಲೋ ಬೋರ್ಡಿನಲ್ಲೋ ಇದೆ, ಸ್ಕ್ರೂಡ್ರೈವರ್ ಎತ್ತಿಕೊ. ಬಯಾಸ್ ಪೂರ್ತಿ ಎಣಿಸಿ ವಿಂಡೋಸ್ ಮಾತ್ರ ಕಡಿಮೆ ತೋರಿಸಿದರೆ ಕ್ಯಾಬಿನೆಟ್ ಮುಟ್ಟಲೇಬೇಡ. ಈ ಎರಡು ಎಣಿಕೆ ಮಾಡದೆ ಬಿಚ್ಚಲು ಹೊರಟವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಒಂದು ಕಾಲದಲ್ಲಿ ನಾನೂ ಅವರಲ್ಲೊಬ್ಬ.

• ಈಗ ಆ ಮುಕ್ಕಾಲು ಜಿಬಿಯ ವಿಚಾರ. ಇದನ್ನು ಗಿರಾಕಿಗೆ ಹೇಳಬೇಕಾದರೆ ಬಿಟ್ಟು, ಬೈಟು ಅಂತ ಶುರುಮಾಡಬೇಡ, ಪಹಣಿ ತೆಗೆ. ನಮ್ಮ ಕಡೆ ಪಹಣಿ ನೋಡದವರು ಯಾರಿದ್ದಾರೆ? ಸರ್ವೆ ನಂಬರಿನ ಪಕ್ಕ ಒಟ್ಟು ವಿಸ್ತೀರ್ಣ 4 ಎಕರೆ ಅಂತ ಇರುತ್ತದೆ. ಅದರ ಕೆಳಗೆ ಖರಾಬು. 'ಅ' ಖರಾಬು ಅಂದರೆ ಬಂಡೆ, ಕೊರಕಲು, ಬೇಸಾಯಕ್ಕೆ ಬಾರದ್ದು. 'ಬ' ಖರಾಬು ಅಂದರೆ ದಾರಿ, ಹಳ್ಳ, ಸಾರ್ವಜನಿಕರಿಗೆ ಬಿಟ್ಟದ್ದು. ಖರಾಬು 30 ಗುಂಟೆ ಅಂತ ಇಟ್ಟುಕೊ. ಎಕರೆಗೆ 40 ಗುಂಟೆ ಲೆಕ್ಕ, ಉಳಿಕೆ 3 ಎಕರೆ 10 ಗುಂಟೆ. ಅಂದರೆ ಮೂರೂಕಾಲು! ಕಂದಾಯ ಕಟ್ಟುವುದು ಅಷ್ಟಕ್ಕೇ, ಉಳುವುದೂ ಅಷ್ಟನ್ನೇ. 30 ಗುಂಟೆಯನ್ನು ಯಾರೂ ಕದ್ದಿಲ್ಲ, ನೆಲ ಅಲ್ಲೇ ಇದೆ. ಅದರ ಮೇಲೆ ಊರಿನ ದಾರಿ ಹೋಗಿದೆ ಅಷ್ಟೇ.

ಕಂಪ್ಯೂಟರಿನ ಒಳಗೂ ಒಂದೊಂದು ಬೈಟಿಗೆ ಒಂದೊಂದು ನಂಬರು ಬೇಕು. ನಂಬರಿಲ್ಲದ ಜಾಗವನ್ನು ಪ್ರೊಸೆಸರು ಹುಡುಕಲಾರದು. 32 ಬಿಟ್ಟಿನಲ್ಲಿ ಬರೆಯಬಹುದಾದ ನಂಬರುಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296, ಅಂದರೆ ಸರಿಯಾಗಿ ನಾಲ್ಕು ಜಿಬಿ. ಈ ನಂಬರುಗಳೆಲ್ಲ ರ್ಯಾಮಿಗೇ ಮೀಸಲು ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ನಂಬರು ಬೇಕು, ನೆಟ್‌ವರ್ಕ್ ಕಾರ್ಡಿಗೆ ಬೇಕು, ಸೌಂಡಿಗೆ ಬೇಕು, ಬಯಾಸ್ ಚಿಪ್ಪಿಗೂ ಬೇಕು. ಪ್ರೊಸೆಸರು ಅವುಗಳ ಜತೆ ಮಾತಾಡುವುದೂ ಈ ನಂಬರುಗಳ ಮೂಲಕವೇ. ನಾಲ್ಕು ಜಿಬಿಯ ತುದಿಯಲ್ಲಿ ಅವಕ್ಕೆಲ್ಲ ಜಾಗ ಬಿಟ್ಟುಕೊಟ್ಟಿರುತ್ತಾರೆ. ಆ ನಂಬರುಗಳಿಗೆ ಸೇರಬೇಕಿದ್ದ ರ್ಯಾಮ್ ಸ್ಟಿಕ್ಕಿನ ಮೇಲೆ ಕೂತಿರುತ್ತದೆ, ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಒಂದು ಬೋರ್ಡಿನಲ್ಲಿ ಉಳಿಕೆ 3.25 ಬರುತ್ತದೆ, ಇನ್ನೊಂದರಲ್ಲಿ 3.5. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದವನಿಗೆ ಮೂರಕ್ಕಿಂತ ಕಡಿಮೆ ಉಳಿದದ್ದೂ ಉಂಟು. ಬೋರ್ಡಿನ ಮೇಲೆ ಏನೇನು ಕೂತಿದೆಯೋ ಅದರ ಮೇಲೆ ಖರಾಬು.

• ಇದೇನು ಹೊಸ ರೋಗವಲ್ಲ ಕಣಪ್ಪ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಪ್ರೊಸೆಸರಿಗೆ ನಂಬರು ಬರೆಯಲು ಇದ್ದದ್ದು 20 ತಂತಿ, ಒಟ್ಟು ಒಂದು ಎಂಬಿ. ಮೇಲಿನ 384 ಕೆಬಿಯನ್ನು ಪರದೆಗೂ ಬಯಾಸಿಗೂ ತೆಗೆದಿಟ್ಟರು. ಡಾಸ್ ಪ್ರೋಗ್ರಾಮುಗಳಿಗೆ ಉಳಿದದ್ದು 640 ಕೆಬಿ. ನಾನು ಕೆಲಸ ಕಲಿಯುವಾಗ ದಿನಾ ಇದೇ ಗುದ್ದಾಟ. ಎರಡು ಎಂಬಿ ಇರುವ ಮಿಷನ್ನು "ಮೆಮೊರಿ ಸಾಲದು" ಅಂತ ಗೊಣಗುತ್ತಿತ್ತು, ನಾವು ಕಾನ್ಫಿಗ್ ಫೈಲಿನಲ್ಲಿ ಸಾಲು ಹಿಂದೆ ಮುಂದೆ ಮಾಡಿ ನಾಲ್ಕೈದು ಕೆಬಿ ಉಳಿಸಿಕೊಂಡು ಗೆದ್ದವರ ಹಾಗೆ ಟೀ ಕುಡಿಯಲು ಹೋಗುತ್ತಿದ್ದೆವು. ಒಂದು ಎಂಬಿಯಲ್ಲಿ ಆದದ್ದೇ ಮುಂದೆ ನಾಲ್ಕು ಜಿಬಿಯಲ್ಲೂ ಆಯಿತು. ಆಗಲೂ ತುದಿಯ ಜಮೀನೇ ದಾರಿಗೆ ಹೋದದ್ದು.

ಇನ್ನೊಂದು ವಿಷಯ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪರದೆಯ ಮೇಲೆ ಉಳಿಕೆ ಮಾತ್ರ ಕಾಣುತ್ತಿತ್ತು. ವಿಂಡೋಸ್ 7 ಬಂದ ಮೇಲೆ ಹಾಕಿದ್ದೆಷ್ಟು, ಬಳಸಬಹುದಾದದ್ದೆಷ್ಟು ಅಂತ ಒಂದೇ ಸಾಲಿನಲ್ಲಿ ಎರಡೂ ಬರತೊಡಗಿತು. ಲೆಕ್ಕ ಬಿಚ್ಚಿ ತೋರಿಸಿದ್ದು ಒಳ್ಳೆಯದೇ, ಆದರೆ ಅಂಗಡಿಯವನ ಮೇಲೆ ಅನುಮಾನ ಶುರುವಾದದ್ದು ಅಲ್ಲಿಂದ!

• "ಹಾಗಾದರೆ 64 ಬಿಟ್ ವಿಂಡೋಸ್ ಹಾಕಿಬಿಡು" ಅಂತ ಯಾರು ಬೇಕಾದರೂ ಹೇಳುತ್ತಾರೆ. ಹಾಕುವ ಮೊದಲು ಗಿರಾಕಿಯನ್ನು ಒಂದು ಮಾತು ಕೇಳು: ಈ ಮಿಷನ್ನಿನಲ್ಲಿ ನೀವು ಏನು ಕೆಲಸ ಮಾಡ್ತೀರಿ? ಈ ಪ್ರಶ್ನೆ ಕೇಳದೆ ನಾನು ಒಂದು ಸಲ ಚೆನ್ನಾಗಿ ಕೆಟ್ಟೆ. ವಿಂಡೋಸ್ 7 ಹೊಸದಾಗಿ ಬಂದಿದ್ದ ದಿನಗಳು. ಬೆಲ್ಲದ ಮಂಡಿಯೊಂದರ ಕಂಪ್ಯೂಟರಿಗೆ ಪೂರ್ತಿ ನಾಲ್ಕು ಜಿಬಿ ಕಾಣಿಸುವ ಹಾಗೆ ಮಾಡಿಕೊಡುತ್ತೇನೆ ಅಂತ ಜಂಬದಿಂದ 64 ಬಿಟ್ ಹಾಕಿ ಕಳಿಸಿದೆ. ಮಾರನೆಯ ಬೆಳಗ್ಗೆ ಮಂಡಿಯವರು ಅಂಗಡಿ ಬಾಗಿಲಿಗೇ ಬಂದರು. ಅವರ ಬಿಲ್ ಪ್ರೋಗ್ರಾಮು ಡಾಸ್‌ನ ಫಾಕ್ಸ್‌ಪ್ರೊದಲ್ಲಿ ಬರೆಸಿದ್ದು. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಮು ತೆರೆಯುವುದೇ ಇಲ್ಲ. ಹೊರಗೆ ಬೆಲ್ಲದ ಗಾಡಿಗಳು ನಿಂತಿವೆ, ಒಳಗೆ ಬಿಲ್ ಬರುತ್ತಿಲ್ಲ. ಆವತ್ತು ಅವರ ಗುಮಾಸ್ತ ಕೈಯಲ್ಲಿ ಬಿಲ್ ಬರೆದ, ನಾನು ಪಕ್ಕದಲ್ಲಿ ಕೂತು ಹಳೆಯ 32 ಬಿಟ್ಟನ್ನು ಮತ್ತೆ ಹಾಕಿದೆ, ಕಾಸು ಕೇಳಲಿಲ್ಲ.

ಅಂಥ ಪ್ರೋಗ್ರಾಮನ್ನು ಡಾಸ್‌ಬಾಕ್ಸ್ ಒಳಗೆ ಓಡಿಸುವ ದಾರಿ ಇದೆ. ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಅಲ್ಲಿಂದ ಬಿಲ್ ಕಳಿಸುವಷ್ಟರಲ್ಲಿ ನಿನಗೆ ಸಾಕುಬೇಕಾಗುತ್ತದೆ. ಸೊಸೈಟಿ, ಮಂಡಿ, ಅಕ್ಕಿ ಗಿರಣಿಯಲ್ಲಿ ಹಳೆಯ ಪ್ರೋಗ್ರಾಮು ನೆಚ್ಚಿಕೊಂಡವರಿಗೆ ಮುಕ್ಕಾಲು ಜಿಬಿ ಹೋಗಲಿ ಬಿಡಿ ಅಂತಲೇ ನಾನು ಹೇಳುವುದು. ಹಳೇ ಸ್ಕ್ಯಾನರು, ಹಳೇ ಪ್ರಿಂಟರಿಗೆ 64 ಬಿಟ್ ಡ್ರೈವರ್ ಸಿಗುತ್ತದೋ ಇಲ್ಲವೋ ಅದನ್ನೂ ಮೊದಲೇ ನೋಡು. ಫೋಟೊ ಸ್ಟುಡಿಯೊದವನ ಕಥೆ ಬೇರೆ. ಮದುವೆ ಆಲ್ಬಮ್ಮಿನ ಫೈಲು ತೆರೆದರೆ ಮಿಷನ್ನು ಉಬ್ಬಸ ಬಿಡುತ್ತದೆ. ಅವನಿಗೆ 64 ಬಿಟ್ ಹಾಕು, ರ್ಯಾಮೂ ಹೆಚ್ಚಿಸು.

• 64 ಬಿಟ್ ಹಾಕುವುದು ಅಂತ ತೀರ್ಮಾನವಾದರೆ ಸಿಸ್ಟಮ್ ಟೈಪ್ ಅನ್ನುವ ಸಾಲು ಓದು. ವಿಂಡೋಸ್ 10ರಲ್ಲಿ "32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್" ಅಂತ ಇದ್ದರೆ ಪ್ರೊಸೆಸರಿಗೆ ಯೋಗ್ಯತೆ ಇದೆ, ವಿಂಡೋಸ್ ಮಾತ್ರ 32 ಬಿಟ್ಟಿನದು ಅಂತ ಅರ್ಥ. 2006ರಿಂದ ಬಂದ ಕೋರ್ 2 ಡ್ಯುಯೊಗಳೆಲ್ಲ 64 ಬಿಟ್ ಬಲ್ಲವು. ಹಳೆಯ ಪೆಂಟಿಯಮ್ 4ಗಳಲ್ಲಿ ಕೆಲವು ಬಲ್ಲವು, ಕೆಲವಕ್ಕೆ ಬಾರದು. 32ರ ಮೇಲೆಯೇ 64 ಹತ್ತಿಸಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಅದಕ್ಕೇ ಮೊದಲು ಬ್ಯಾಕಪ್. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಟ್ಯಾಲಿ ಡೇಟಾ ಫೋಲ್ಡರು, ನುಡಿ, ಶ್ರೀಲಿಪಿ ಫಾಂಟುಗಳು. ಫಾಂಟು ಮರೆತರೆ ಡಿಟಿಪಿಯವನ ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ಸೊನ್ನೆ ಕೊಂಬುಗಳ ಗೊಂಚಲಾಗಿ ತೆರೆದುಕೊಳ್ಳುತ್ತವೆ. ಇದನ್ನೂ ಅನುಭವದಿಂದಲೇ ಹೇಳುತ್ತಿದ್ದೇನೆ.

• 64 ಬಿಟ್ ಹಾಕಿದ ಮೇಲೂ ಮೂರೂಕಾಲೇ ತೋರಿಸಿದರೆ ಗಾಬರಿ ಬೀಳಬೇಡ. ಒಂದು, ಬಯಾಸ್‌ನಲ್ಲಿ ಮೆಮೊರಿ ರೀಮ್ಯಾಪ್ ಅನ್ನುವ ಆಯ್ಕೆ ಹುಡುಕಿ ಅದನ್ನು ಎನೇಬಲ್ ಮಾಡು. ದಾರಿಗೆ ಹೋದ 30 ಗುಂಟೆಗೆ ಬದಲಾಗಿ ಎಲ್ಲೆಯ ಆಚೆ ಅಷ್ಟೇ ಜಾಗಕ್ಕೆ ಹೊಸ ನಂಬರು ಕೊಡುವ ಕೆಲಸ ಅದು. ಎರಡು, ಇಂಟೆಲ್ 945 ಚಿಪ್‌ಸೆಟ್ಟಿನ ಬೋರ್ಡು ಏನಾದರೂ ಇದ್ದರೆ ಅಲ್ಲಿಗೇ ಕೈ ಬಿಡು. ಆ ಚಿಪ್‌ಸೆಟ್ಟಿಗೆ ನಾಲ್ಕು ಜಿಬಿಯ ಆಚೆ ನಂಬರು ಬರೆಯಲು ಬಾರದು, ನೀನು ಯಾವ ವಿಂಡೋಸ್ ಹಾಕಿದರೂ ಅಷ್ಟೇ. ಪ್ರೊಸೆಸರು 64 ಬಿಟ್ಟಿನದು ಅಂತ ಗಿರಾಕಿ ವಾದ ಮಾಡುತ್ತಾನೆ. ಎತ್ತು ಬಲವಾಗಿದ್ದರೆ ಸಾಲದು, ಗಾಡಿಯೂ ತಡೆಯಬೇಕಲ್ಲ.

• 32 ಬಿಟ್ ಪ್ರೊಸೆಸರು ನಾಲ್ಕು ಜಿಬಿ ದಾಟಲಾರದು ಅಂತ ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. 1995ರ ಪೆಂಟಿಯಮ್ ಪ್ರೊದಲ್ಲೇ ಇಂಟೆಲ್‌ನವರು ನಂಬರನ್ನು 36 ಬಿಟ್ಟಿಗೆ ಉದ್ದ ಮಾಡಿದ್ದರು, 64 ಜಿಬಿ ತನಕ ದಾರಿ ಇತ್ತು. ಸರ್ವರ್‌ಗಳಿಗೆ ಬಂದ 32 ಬಿಟ್ ವಿಂಡೋಸ್‌ಗಳಲ್ಲಿ ಕೆಲವು ಆ ದಾರಿ ಬಳಸಿದವು. ನಮ್ಮ ನಿಮ್ಮ ವಿಂಡೋಸಿನಲ್ಲಿ ಮೈಕ್ರೋಸಾಫ್ಟ್‌ನವರು ನಾಲ್ಕಕ್ಕೇ ಬೇಲಿ ಹಾಕಿದರು. ಕಾರಣ, ಅಗ್ಗದ ಸೌಂಡು, ಗ್ರಾಫಿಕ್ಸ್ ಡ್ರೈವರ್‌ಗಳು ಅಷ್ಟು ದೊಡ್ಡ ನಂಬರು ಕಂಡರೆ ಎಡವಿ ಮಿಷನ್ನನ್ನೇ ಬೀಳಿಸುತ್ತಿದ್ದವು. ಆ ಬೇಲಿ ಕಿತ್ತುಹಾಕುವ ಪ್ಯಾಚು ಇದೆ ಅಂತ ಯಾರಾದರೂ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. ಗಿರಾಕಿಯ ಮಿಷನ್ನಿಗೆ ಅದನ್ನು ತಾಗಿಸಬೇಡ.

• ವಿಂಡೋಸಿನ ಆವೃತ್ತಿಗೂ ಅದರದೇ ಮಿತಿ ಉಂಟು. ವಿಂಡೋಸ್ 7 ಸ್ಟಾರ್ಟರ್‌ಗೆ 2 ಜಿಬಿ, 64 ಬಿಟ್ ಹೋಮ್ ಬೇಸಿಕ್‌ಗೆ 8, ಹೋಮ್ ಪ್ರೀಮಿಯಮ್‌ಗೆ 16. ವಿಂಡೋಸ್ 10 ಹೋಮ್ 64 ಬಿಟ್ 128 ಜಿಬಿ ತನಕ ನೋಡುತ್ತದೆ, ಅಷ್ಟು ಹಾಕುವ ಗಿರಾಕಿ ಮಳವಳ್ಳಿಗೆ ಬಂದ ದಿನ ನನಗೊಂದು ಫೋನ್ ಮಾಡು. ವಿಂಡೋಸ್ 11ರಲ್ಲಿ 32 ಬಿಟ್ಟೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಈ ಮೂರೂಕಾಲಿನ ಗಲಾಟೆ ಹೊಸ ಮಿಷನ್ನುಗಳಲ್ಲಿ ಕಾಣುವುದಿಲ್ಲ. ನಿನ್ನ ಅಂಗಡಿಗೆ ಬರುವುದು ಹಳೆಯವೇ, ಅದಕ್ಕೇ ಇಷ್ಟೆಲ್ಲ ಹೇಳುತ್ತಿದ್ದೇನೆ.

• ಬಯಾಸ್ 8 ಅನ್ನುತ್ತದೆ, 64 ಬಿಟ್ ವಿಂಡೋಸ್ ಇದೆ, ಆದರೂ ಬಳಕೆಗೆ 2 ಅಂತಲೋ 4 ಅಂತಲೋ ಇದೆ. ಆಗ ಎಂಎಸ್‌ಕಾನ್ಫಿಗ್ ತೆರೆದು ಬೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗು. ಮ್ಯಾಕ್ಸಿಮಮ್ ಮೆಮೊರಿ ಅನ್ನುವುದರ ಮುಂದೆ ಟಿಕ್ ಬಿದ್ದಿರುತ್ತದೆ. ಕಂಪ್ಯೂಟರ್ ಫಾಸ್ಟ್ ಮಾಡುವುದು ಹೇಗೆ ಅನ್ನುವ ವಿಡಿಯೊ ನೋಡಿ ಮನೆಯ ಹುಡುಗ ಹಾಕಿದ್ದು ಅದು. ನಾಲೆಯಲ್ಲಿ ನೀರಿದೆ, ತೂಬು ಇಳಿಸಿದ್ದಾರೆ. ಟಿಕ್ ತೆಗೆದು ರೀಸ್ಟಾರ್ಟ್ ಮಾಡು. ಎರಡು ನಿಮಿಷದ ಕೆಲಸ. ಹುಡುಗನ ಹೆಸರು ಅಪ್ಪನ ಮುಂದೆ ಎತ್ತಬೇಡ.

• ಲ್ಯಾಪ್‌ಟಾಪಿನಲ್ಲಿ 8 ಇದ್ದು 7.8 ತೋರಿಸಿದರೆ ಅದು ಸಹಜ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಮಿಷನ್ನಿನಲ್ಲಿ ಪರದೆಯ ಚಿತ್ರಕ್ಕೆ ಬೇಕಾದ ಜಾಗ ರ್ಯಾಮಿನಿಂದಲೇ ಹೋಗುತ್ತದೆ. ಎಎಂಡಿ ರೈಜೆನ್ ಇರುವ ಕೆಲವು ಲ್ಯಾಪ್‌ಟಾಪುಗಳಲ್ಲಿ ಎರಡು ಜಿಬಿಯನ್ನೇ ತೆಗೆದಿಟ್ಟು 5.9 ಉಳಿಸುತ್ತಾರೆ. ಬಯಾಸ್‌ನಲ್ಲಿ ಯುಎಂಎ ಫ್ರೇಮ್ ಬಫರ್ ಅನ್ನುವ ಆಯ್ಕೆ ಕಂಡರೆ ಅದನ್ನು ಇಳಿಸಬಹುದು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಆಯ್ಕೆಯನ್ನೇ ಮುಚ್ಚಿಟ್ಟಿರುತ್ತಾರೆ. ಗೇಮ್ ಆಡುವ ಹುಡುಗನದಾದರೆ ಇದ್ದ ಹಾಗೇ ಬಿಡು, ಇಳಿಸಿದರೆ ನಾಳೆಯೇ ಜಗಳಕ್ಕೆ ಬರುತ್ತಾನೆ.

• ಇನ್ನು ಬಯಾಸೇ ಕಡಿಮೆ ಎಣಿಸಿದಾಗ. ಬೆಲೆಯ ಮಾತು ಬರುವುದು ಇಲ್ಲೇ, ಹುಷಾರು. ರ್ಯಾಮ್ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲು ಬೋರ್ಡಿನ ಮಾಡೆಲ್ ನಂಬರು ಚೀಟಿಯಲ್ಲಿ ಬರೆದುಕೊಂಡು ಹೋಗು, "ಡೆಸ್ಕ್‌ಟಾಪಿನದು, ಹಳೇದು" ಅಂದರೆ ಅವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಚಿಪ್‌ಸೆಟ್ಟಿಗೆ ಒಂದು ಮಿತಿ ಇರುತ್ತದೆ. ಜಿ31 ಬೋರ್ಡಿಗೆ 4 ಜಿಬಿ, ಅಷ್ಟೇ. ಎಚ್61 ಆದರೆ 16, ಎರಡು ಸ್ಲಾಟು, ಒಂದಕ್ಕೆ 8. ಜಿ31ಗೆ ಎಂಟು ಹಾಕುತ್ತೇನೆ ಅಂತ ಮಾತು ಕೊಟ್ಟು ಬಂದರೆ ಮಾತೂ ಹೋಯಿತು, ಕಾಸೂ ಹೋಯಿತು.

ಅಲ್ಲಿ "ಎಎಂಡಿ ರ್ಯಾಮ್" ಅಂತ ಒಂದು ಮಾಲು ಸಿಗುತ್ತದೆ. ನೋಡಲು ಹೊಸದು, ಬೆಲೆ ಬಹಳ ಕಡಿಮೆ. ಅದರ ಚಿಪ್ಪುಗಳ ಒಳಗಿನ ಜೋಡಣೆ ಎಎಂಡಿಯ ಕೆಲವು ಬೋರ್ಡುಗಳಿಗೆ ಮಾತ್ರ ಅರ್ಥವಾಗುವಂಥದ್ದು. ಇಂಟೆಲ್ ಬೋರ್ಡಿಗೆ ಹಾಕಿದರೆ ಒಂದೋ ಪರದೆ ಕಪ್ಪು, ಇಲ್ಲವೇ ಅರ್ಧ ಎಣಿಕೆ. ಸರ್ವರಿನಿಂದ ಬಿಚ್ಚಿದ ರ್ಯಾಮ್ ಕೂಡ ಹಾಗೇ. ಉದ್ದ ಅಗಲ ಒಂದೇ ಇರುತ್ತದೆ, ಮನೆ ಮಿಷನ್ನಿನಲ್ಲಿ ಏಳುವುದಿಲ್ಲ. ಲ್ಯಾಪ್‌ಟಾಪಿಗೆ ಡಿಡಿಆರ್ 3 ತರುವಾಗ ಕೊನೆಯಲ್ಲಿ "ಎಲ್" ಅಕ್ಷರ ಬೇಕೇ ಅಂತ ನೋಡು. ಎಲ್ ಇದ್ದದ್ದು 1.35 ವೋಲ್ಟಿನದು, ಇಲ್ಲದ್ದು 1.5 ವೋಲ್ಟಿನದು. 4ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪು ಎಲ್ ಇಲ್ಲದ್ದನ್ನು ಸೇರಿಸುವುದಿಲ್ಲ. ಡಿಡಿಆರ್ 2, 3, 4ರಲ್ಲಿ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಕೂರಲಿಲ್ಲ ಅಂತ ಬಲ ಹಾಕಿ ಒತ್ತಿದ ಒಬ್ಬ ಶಿಷ್ಯ ನನ್ನಲ್ಲಿದ್ದ. ಈಗ ಅವನು ಎರೆಹುಳು ಗೊಬ್ಬರ ಮಾರುತ್ತಾನೆ, ಚೆನ್ನಾಗಿದ್ದಾನೆ.

4ರ ಜತೆ 8 ಹಾಕಬಹುದೇ ಅಂತ ಕೇಳುತ್ತಾರೆ. ಸಾಮಾನ್ಯವಾಗಿ ತೊಂದರೆ ಇಲ್ಲ. ವೇಗ ಬೇರೆ ಬೇರೆ ಇದ್ದರೆ ನಿಧಾನದ್ದರ ಹೆಜ್ಜೆಗೆ ಎರಡೂ ನಡೆಯುತ್ತವೆ.

• ಹಳೆಯ ಸ್ಟಿಕ್ಕೇ ಇದ್ದು ನಿನ್ನೆ ತನಕ 8 ತೋರಿಸಿ ಇವತ್ತು 4 ಆಗಿದ್ದರೆ ಕೊಳ್ಳುವ ಮಾತೇ ಬೇಡ. ಹತ್ತರಲ್ಲಿ ಏಳೆಂಟು ಸಲ ಅದು ಕೊಳೆ. ನಮ್ಮ ಸೀಮೆಯ ಕ್ಯಾಬಿನೆಟ್ಟುಗಳ ಒಳಗೆ ನಾನು ಕಂಡದ್ದನ್ನು ಹೇಳಿದರೆ ನೀನು ಊಟ ಬಿಡುತ್ತೀಯ. ಗಿರಣಿಯ ಹಿಟ್ಟು, ಆಲೆಮನೆಯ ಮಸಿ, ಹಲ್ಲಿಯ ಮೊಟ್ಟೆ, ಬೆಲ್ಲದ ಅಂಗಡಿಯದಾದರೆ ಇರುವೆಯ ಸಂಸಾರವೇ.

ಮೊದಲು ಪ್ಲಗ್ ಕಿತ್ತು ಹಾಕು, ಸ್ವಿಚ್ ಆಫ್ ಸಾಲದು. ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟು ಇಳಿಸು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ ಆಮೇಲೆ ರ್ಯಾಮ್ ಮುಟ್ಟು. ಸ್ಟಿಕ್ಕಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜು. ಶಾಯಿ ಅಳಿಸುವ ಒರಟು ನೀಲಿ ರಬ್ಬರು ಬೇಡ, ಲೇಪವೇ ಎದ್ದುಬರುತ್ತದೆ. ರಬ್ಬರಿನ ಪುಡಿ ಬಟ್ಟೆಯಿಂದ ಒರೆಸಿಬಿಡು, ಐಸೊಪ್ರೊಪೈಲ್ ಇದ್ದರೆ ಇನ್ನೂ ಒಳ್ಳೆಯದು. ಸ್ಲಾಟಿಗೆ ಬ್ರಷ್ಷು. ಬಾಯಿಂದ ಊದಬೇಡ, ಉಗುಳು ಸಿಡಿಯುತ್ತದೆ. ನಿನಗೆ ಆ ಅಭ್ಯಾಸ ಚಿಕ್ಕಂದಿನಿಂದ ಇದೆ, ಟೇಪ್ ರೆಕಾರ್ಡರಿಗೂ ಊದುತ್ತಿದ್ದೆ. ಸ್ಟಿಕ್ಕನ್ನು ನೇರ ಇಟ್ಟು ಎರಡು ತುದಿಯನ್ನೂ ಒತ್ತು, ಎರಡೂ ಕಡೆಯ ಕೊಂಡಿ ಟಕ್ ಅಂತ ಕೂರಬೇಕು. ಒಂದೇ ಕಡೆ ಟಕ್ ಅಂದರೆ ಕೂತಿಲ್ಲ. ಪರದೆ ಬರದೆ ಉದ್ದುದ್ದ ಬೀಪ್ ಹೊಡೆಯುತ್ತಿದ್ದರೂ ಮೊದಲು ಮಾಡಬೇಕಾದ್ದು ಇದನ್ನೇ.

• ಒರೆಸಿದರೂ ಅರ್ಧವೇ ತೋರಿಸಿದರೆ ಅದಲು ಬದಲು ಮಾಡಿ ನೋಡು. ಮೊದಲ ಸ್ಟಿಕ್ಕು ಒಂದನೇ ಸ್ಲಾಟಿನಲ್ಲಿ ಒಂಟಿಯಾಗಿ, ಆಮೇಲೆ ಎರಡನೇ ಸ್ಲಾಟಿನಲ್ಲಿ ಒಂಟಿಯಾಗಿ. ಎರಡನೇ ಸ್ಟಿಕ್ಕಿಗೂ ಹಾಗೇ. ನಾಲ್ಕು ಸಲ ಆನ್ ಆಫ್. ಎರಡು ಸ್ಲಾಟಿನಲ್ಲೂ ಒಂದೇ ಸ್ಟಿಕ್ಕು ಏಳದಿದ್ದರೆ ಸ್ಟಿಕ್ಕು ಸತ್ತಿದೆ. ಎರಡು ಸ್ಟಿಕ್ಕೂ ಒಂದೇ ಸ್ಲಾಟಿನಲ್ಲಿ ಏಳದಿದ್ದರೆ ಸ್ಲಾಟಿನ ಕಡೆ ತಪ್ಪು. ಆದರೆ ಅಲ್ಲಿಗೇ "ಬೋರ್ಡು ಹೋಯ್ತು" ಅಂತ ತೀರ್ಪು ಕೊಡಬೇಡ. ಮೆಮೊರಿ ಕಂಟ್ರೋಲರು ಈಗ ಇರುವುದು ಪ್ರೊಸೆಸರಿನ ಒಳಗೆ. ಎಎಂಡಿಯವರು 2003ರಲ್ಲೂ ಇಂಟೆಲ್‌ನವರು 2008ರಲ್ಲೂ ಅದನ್ನು ಬೋರ್ಡಿನ ಚಿಪ್ಪಿನಿಂದ ತೆಗೆದು ಅಲ್ಲಿಗೆ ಸಾಗಿಸಿದರು. ಪ್ರೊಸೆಸರಿನ ಕೆಳಗಿನ ಕೂದಲೆಳೆಯಂಥ ಒಂದು ಪಿನ್ನು ಬಾಗಿದರೂ ಒಂದು ಇಡೀ ಸಾಲು ರ್ಯಾಮ್ ಕಾಣೆ. ಫ್ಯಾನಿನ ಸ್ಕ್ರೂ ಒಂದು ಮೂಲೆಯಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ ಆದರೂ ಹೀಗೆ ಆಗುವುದುಂಟು. ಫ್ಯಾನು ಬಿಚ್ಚಿ, ಸಾಕೆಟ್ಟನ್ನು ಭೂತಗನ್ನಡಿಯಲ್ಲಿ ನೋಡು. ಪಿನ್ನು ನೆಟ್ಟಗೆ ಮಾಡುವ ಕೆಲಸ ಸಂಜೆ ಬೇಡ, ಬೆಳಗಿನ ಬೆಳಕಿನಲ್ಲಿ ಮಾಡು.

• ಎಣಿಕೆ ಸರಿ ಇದೆ, ಆದರೆ ನೀಲಿ ಪರದೆ ಬರುತ್ತಿದೆ ಅಂದರೆ ಮೆಮ್‌ಟೆಸ್ಟ್ ಹಾಕಿ ರಾತ್ರಿಯೆಲ್ಲ ಬಿಡು. ಯುಪಿಎಸ್ ಮೇಲೆ ಇಟ್ಟು ಬಿಡು. ಶಿವನಸಮುದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ, 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಅದರಿಂದ ನಿನ್ನ ಅಂಗಡಿಯಲ್ಲಿ ರಾತ್ರಿ ಕರೆಂಟು ನಿಲ್ಲುತ್ತದೆ ಅಂತ ನಂಬಿಕೊಂಡು ಕೂರಬೇಡ.

• "ಮೆಮೊರಿ ಕಮ್ಮಿ ತೋರುಸ್ತದೆ" ಅಂತ ಬಂದವರಲ್ಲಿ ಅರ್ಧ ಜನ ಹೇಳುತ್ತಿರುವುದು ರ್ಯಾಮಿನ ವಿಚಾರ ಅಲ್ಲವೇ ಅಲ್ಲ. ಫೋನು ಬಂದ ಮೇಲೆ ಮೆಮೊರಿ ಅಂದರೆ ಫೋಟೊ ಇಡುವ ಜಾಗ ಅಂತಾಗಿದೆ. ಯಾವ ಮೆಮೊರಿ ಅಂತ ಮೊದಲು ಕೇಳು. 500 ಜಿಬಿ ಹಾರ್ಡ್‌ಡಿಸ್ಕು 465 ತೋರಿಸುವುದಕ್ಕೆ ಕಾರಣ ಬೇರೆ. ತಯಾರಿಸುವವರು ನೂರು ಕೋಟಿ ಬೈಟಿಗೆ ಒಂದು ಜಿಬಿ ಅನ್ನುತ್ತಾರೆ, ವಿಂಡೋಸು 107 ಕೋಟಿ 37 ಲಕ್ಷ ಚಿಲ್ಲರೆಗೆ ಒಂದು ಜಿಬಿ ಅನ್ನುತ್ತದೆ. ಕಾಳು ಒಂದೇ, ಇವನ ಸೇರು ಬೇರೆ ಅವನ ಸೇರು ಬೇರೆ. 1 ಟಿಬಿ ಅಂದದ್ದು 931 ಆಗುವುದೂ ಹೀಗೇ. ಇದಕ್ಕೆ ರಿಪೇರಿ ಇಲ್ಲ, ಕಾಸೂ ತಗೋಬೇಡ.

• ರ್ಯಾಮ್ ಹೆಚ್ಚಿಸಿ ಅಂತ ಗಿರಾಕಿಯೇ ಕೇಳಿದರೂ ಒಂದು ಸಲ ಟಾಸ್ಕ್ ಮ್ಯಾನೇಜರ್ ತೆರೆದು, ಅವರು ದಿನಾ ಬಳಸುವುದನ್ನೆಲ್ಲ ತೆರೆಸಿ ನೋಡು. ನುಡಿ, ಟ್ಯಾಲಿ, ಒಂದು ಬ್ರೌಸರು ಇಷ್ಟಕ್ಕೆ 8ರಲ್ಲಿ 4 ಕೂಡ ತುಂಬಿರದಿದ್ದರೆ ರ್ಯಾಮ್ ಬೇಡ, ಎಸ್‌ಎಸ್‌ಡಿ ಹಾಕಿಸಿ ಅನ್ನು. ಹಳ್ಳಿಯ ಸೇವಾ ಕೇಂದ್ರದ ಮಿಷನ್ನುಗಳು ನಿಧಾನವಾಗುವುದು ಹೆಚ್ಚಾಗಿ ಹಳೆಯ ಹಾರ್ಡ್‌ಡಿಸ್ಕಿನಿಂದ. ಅಲ್ಲಿ ಹೊರಗೆ ಜನ ಸಾಲು ನಿಂತಿರುತ್ತಾರೆ, ಅಂಥ ಕೆಲಸ ಬಂದರೆ ಉಳಿದದ್ದು ಬದಿಗಿಟ್ಟು ಮಾಡಿಕೊಡು.

• ಬದಲಾಯಿಸಿದ ಹಳೆಯ ಸ್ಟಿಕ್ಕನ್ನು ಕವರಿನಲ್ಲಿ ಹಾಕಿ, ಮೇಲೆ ತಾರೀಕು ಬರೆದು ಗಿರಾಕಿ ಕೈಗೇ ಕೊಡು. ಸತ್ತಿದ್ದರೂ ಕೊಡು.

• ಕೊನೆಗೆ ಮಂಗಳವಾರದ ಮಿಷನ್ನು. ನೀನು ಕಳಿಸಿದ ಫೋಟೊ ಮೊಮ್ಮಗಳ ಕೈಲಿ ದೊಡ್ಡದು ಮಾಡಿಸಿ ನೋಡಿದೆ. ಅದು 945 ಬೋರ್ಡು, 32 ಬಿಟ್ ವಿಂಡೋಸ್ 7. ಈ ಬೋರ್ಡಿನಲ್ಲಿ ಬಯಾಸೂ ಮೂರೂಕಾಲರ ಹತ್ತಿರವೇ ನಿಂತಿರಬಹುದು, ಬೇಕಾದರೆ ನೋಡು, ಅದು ಸ್ಟಿಕ್ಕಿನ ತಪ್ಪಲ್ಲ. ಅಲ್ಲಿ ನಾಲ್ಕು ಕಾಣಿಸುವ ದಾರಿ ಇಲ್ಲ. ಮೇಷ್ಟ್ರಿಗೆ ಅವರ ಪಹಣಿಯನ್ನೇ ತರಲು ಹೇಳಿ, ಖರಾಬಿನ ಕಾಲಮ್ಮು ತೋರಿಸಿ ವಿವರಿಸು. ಎರಡೆರಡು ಜಿಬಿಯ ಎರಡು ಸ್ಟಿಕ್ಕು ತಗೊಂಡದ್ದರಲ್ಲಿ ಒಂದನ್ನು ವಾಪಸ್ ಮಾಡಿ, ಅದರ ಜಾಗಕ್ಕೆ ಒಂದು ಜಿಬಿಯದು ಹಾಕಿದರೆ ಮೂರು ಆಗುತ್ತದೆ, ಅವರಿಗೆ ದುಡ್ಡೂ ಉಳಿಯುತ್ತದೆ. ಒಂದು ಜಿಬಿಯ ಡಿಡಿಆರ್ 2 ಈಗ ಅಂಗಡಿಗಳಲ್ಲಿ ಹುಡುಕಬೇಡ. ನಮ್ಮ ಅಟ್ಟದ ಮೇಲೆ ಬಿಸ್ಕತ್ ಡಬ್ಬದ ತುಂಬ ಇದೆ. ಭಾನುವಾರ ಬಂದು ತಗೊಂಡು ಹೋಗು, ಸೋಮವಾರ ಗುಜರಿಯವನು ಬರುತ್ತಾನೆ ಅಂತ ನಿಮ್ಮತ್ತೆ ಆಗಲೇ ಹೇಳುತ್ತಿದ್ದಾಳೆ.